ಬಹುಮಾನ ಬಂದ ಮಸುಕು

ಹವ್ಯಾಸಿ ಛಾಯಾಗ್ರಾಹಕರ ಬಳಗದ ಅಧ್ಯಕ್ಷರಾದ ಶ್ರೀ ಜಯಸಿಂಹ ಅವರೇ, ಕಾರ್ಯದರ್ಶಿಗಳಾದ ಶ್ರೀಮತಿ ಪಂಕಜಾ ಅವರೇ, ಸ್ಪರ್ಧೆಯ ತೀರ್ಪುಗಾರರೇ, ಬಹುಮಾನಕ್ಕಾಗಿ ಕಾದು ಕುಳಿತಿರುವ ಗೆಳೆಯರೇ, ಮತ್ತು ಎಲ್ಲರೂ ಫೋನು ಎತ್ತಿ ಹಿಡಿದಿರುವುದರಿಂದ ಒಬ್ಬರ ಮುಖವೂ ನನಗೆ ಕಾಣಿಸದಿರುವ ಪ್ರೀತಿಯ ಸಭಿಕರೇ,

ನಕ್ಕಿದ್ದಕ್ಕೆ ಸಂತೋಷ. ಆದರೆ ಫೋನುಗಳು ಇನ್ನೂ ಕೆಳಗಿಳಿದಿಲ್ಲ. ಇರಲಿ.

ಪಂಕಜಾ ಅವರು ನನಗೆ ಈ ಶಾಲು ಹೊದಿಸುವಾಗ ‘ಉತ್ತರ ಬೆಂಗಳೂರಿನ ಹೆಸರಾಂತ ಛಾಯಾಗ್ರಾಹಕಿ ತಾಹೆರಾ’ ಎಂದರು. ಹೆಸರಾಂತ ಎನ್ನುವ ಮಾತಿಗೆ ಆಮೇಲೆ ಬರುತ್ತೇನೆ. ಕಳೆದ ಕೆಲವು ತಿಂಗಳಿಂದ ನನಗೆ ಹೆಸರಿನದೇ ತೊಂದರೆ.

ಮೊದಲು ಆಹ್ವಾನದ ಬಗ್ಗೆ ಎರಡು ಮಾತು. ಜಯಸಿಂಹ ಅವರು ಫೋನ್ ಮಾಡಿ, “ಮೇಡಂ, ನಿಮ್ಗೊಂದು ಸನ್ಮಾನ ಇಟ್ಕೊಂಡಿದೀವಿ, ಬರ್ಲೇಬೇಕು” ಎಂದರು. ಒಪ್ಪಿದೆ. ಫೋನ್ ಇಡುವ ಮುಂಚೆ, “ಹೇಗಿದ್ರೂ ಬರ್ತೀರಲ್ಲ, ಕ್ಯಾಮೆರಾನೂ ತಂದ್ಬಿಡಿ. ಕೊನೇಲಿ ಒಂದು ಗ್ರೂಪ್ ಫೋಟೊ ಹೊಡ್ದ್ಬಿಟ್ರೆ ನಮ್ಗೂ ಖರ್ಚು ಉಳಿಯತ್ತೆ” ಎಂದರು. ಅಧ್ಯಕ್ಷರು ತಪ್ಪು ತಿಳಿಯಬಾರದು. ಅಡುಗೆ ಭಟ್ಟರನ್ನು ಕರೆದು ಹಾರ ಹಾಕಿ, ಹಾಗೆಯೇ ಒಳಗೆ ಹೋಗಿ ಸಾರಿಗೊಂದು ಒಗ್ಗರಣೆ ಹಾಕಿಬಿಡಿ ಎನ್ನುತ್ತೇವೆಯೇ? ದಂತವೈದ್ಯರಿಗೆ ಫಲತಾಂಬೂಲ ಕೊಟ್ಟು, ಮುಂದಿನ ಸಾಲಿನವರ ಹಲ್ಲು ನೋಡಿಬಿಡಿ ಎನ್ನುತ್ತೇವೆಯೇ? ಛಾಯಾಗ್ರಾಹಕರಿಗೆ ಮಾತ್ರ ಹೀಗೆ ಹೇಳುತ್ತೇವೆ. ಯಾಕೆಂದರೆ ಅದೇನು ಮಹಾ, ಒಂದು ಗುಂಡಿ ಒತ್ತುವುದು ತಾನೆ.

ನನಗೆ ಕೊಟ್ಟಿರುವ ವಿಷಯ ‘ಹವ್ಯಾಸಿ ಛಾಯಾಗ್ರಹಣದಿಂದ ವೃತ್ತಿಯವರ ಮೇಲಾಗುವ ಪರಿಣಾಮ’. ಪಂಕಜಾ ಅವರು ಕಿವಿಯಲ್ಲಿ, “ಮೇಡಂ, ಪಾಸಿಟಿವ್ ಆಗಿ ಎರಡು ಮಾತಾಡಿ” ಎಂದೂ ಹೇಳಿದ್ದಾರೆ. ಪ್ರಯತ್ನಿಸುತ್ತೇನೆ.

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ನಮ್ಮ ಸ್ಟುಡಿಯೊ ಇದೆ. ನನ್ನ ಅಬ್ಬಾ ತೆರೆದದ್ದು. ಮೊದಲು ಅಲ್ಲಿಗೆ ಜನ ತಲೆ ಬಾಚಿಕೊಂಡು, ಪೌಡರ್ ಹಾಕಿಕೊಂಡು, ಮಕ್ಕಳ ಮೂಗು ಒರೆಸಿ ಕರೆದುಕೊಂಡು ಬರುತ್ತಿದ್ದರು. ಈಗಲೂ ಬರುತ್ತಾರೆ, ಕೈಯಲ್ಲಿ ಫೋನು ಹಿಡಿದು. “ಮೇಡಂ, ಪಾಸ್‌ಪೋರ್ಟ್ ಫೋಟೊ ಮನೇಲೇ ತೆಗ್ದಿದೀವಿ. ಹಿಂದ್ಗಡೆ ಫ್ರಿಜ್ ಬಂದ್ಬಿಟ್ಟಿದೆ. ಫ್ರಿಜ್ ತೆಗ್ದು, ಕಿವಿ ಎರಡೂ ಕಾಣೋ ಹಂಗೆ ಮಾಡಿ, ಸ್ವಲ್ಪ ನಗು ಕಮ್ಮಿ ಮಾಡಿ.” ಇಲ್ಲೇ ಕೂತರೆ ಎರಡು ನಿಮಿಷದಲ್ಲಿ ತೆಗೆಯುತ್ತೇನಲ್ಲಾ ಎಂದರೆ, “ಅಯ್ಯೋ ಬೇಡ ಬಿಡಿ, ತೆಗ್ದಾಗಿದೆಯಲ್ಲ” ಎನ್ನುತ್ತಾರೆ. ತಾವು ಬಂದು ನನ್ನ ಎದುರಿಗೇ ನಿಂತಿದ್ದಾರೆ, ಕಿವಿಗಳೂ ಜೊತೆಯಲ್ಲೇ ಬಂದಿವೆ. ನಾನು ಮಾತ್ರ ಫೋನಿನೊಳಗಿನ ಕಿವಿಯನ್ನು ಎಳೆದು ತರಬೇಕು!

ಮದುವೆಗಳ ಕಥೆ ಕೇಳಲೇಬೇಡಿ. ತಾಳಿ ಕಟ್ಟುವ ಹೊತ್ತಿಗೆ ನನ್ನ ಮುಂದೆ ಕೈಗಳ ಒಂದು ಕಾಡು ಏಳುತ್ತದೆ. ವರನಿಗೆ ಯಾವ ಕಡೆ ನೋಡಬೇಕೆಂದು ತಿಳಿಯುವುದಿಲ್ಲ. ಅವನ ಒಂದು ಕಣ್ಣು ಚಿಕ್ಕಪ್ಪನ ಫೋನಿನ ಕಡೆ, ಇನ್ನೊಂದು ಗೆಳೆಯರ ಫೋನಿನ ಕಡೆ. ಯಲಹಂಕದ ಒಂದು ಆರತಕ್ಷತೆಯಲ್ಲಿ ಹಿರಿಯರೊಬ್ಬರು ನನ್ನ ಮೊಣಕೈ ಸರಿಸಿ, “ನೀವ್ ಆಮೇಲ್ ತೆಗ್ದುಕೊಳ್ಳಿ ಕಣ್ರೀ, ನಿಮ್ಗೆ ದಿನಾ ಇದ್ದದ್ದೇ. ನಮ್ಗೆ ಇದೊಂದೇ ಮದ್ವೆ” ಎಂದರು. ಹುಡುಗಿಯ ತಂದೆಯೇ ಇರಬೇಕೆಂದು ಭಯದಿಂದ ಪಕ್ಕಕ್ಕೆ ಸರಿದೆ. ಆಮೇಲೆ ವಿಚಾರಿಸಿದರೆ, ಅವರು ಕೆಳಗಿನ ಹಾಲಿನ ಮದುವೆಗೆ ಬಂದವರು. ಮಹಡಿ ತಪ್ಪಿ ಬಂದಿದ್ದರು.

ಇದೆಲ್ಲ ಹೊಟ್ಟೆಪಾಡಿನ ಗೊಣಗಾಟ ಎಂದು ನಿಮಗೆ ಅನ್ನಿಸಬಹುದು. ಹೌದು, ಅದೂ ಇದೆ. ಆದರೆ ಹೊಟ್ಟೆಪಾಡು ಹೇಗೋ ನಡೆಯುತ್ತದೆ. ಮಗ್‌ಗಳ ಮೇಲೆ, ದಿಂಬುಗಳ ಮೇಲೆ ನಿಮ್ಮದೇ ಫೋಟೊಗಳನ್ನು ಮುದ್ರಿಸಿ ಕೊಡುತ್ತೇನೆ. ನೀವು ತೆಗೆದ ಫೋಟೊ ಮೇಲೆಯೇ ನಾನು ಬದುಕುತ್ತೇನೆ. ನನ್ನ ತಕರಾರು ಬೇರೆ. ಅದನ್ನು ಹೇಳಬೇಕಾದರೆ ನನ್ನ ಅಮ್ಮಿಯ ವಿಷಯ ಹೇಳಬೇಕು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೇಗ ಹೇಳುತ್ತೇನೆ.

ನಮ್ಮ ಮದುವೆಗಳಲ್ಲಿ ಹೆಂಗಸರ ಭಾಗ ಬೇರೆ ಇರುತ್ತದೆ. ಅಬ್ಬಾ ಎಷ್ಟೇ ಒಳ್ಳೆಯ ಫೋಟೊಗ್ರಾಫರ್ ಆಗಿದ್ದರೂ ಆ ಪರದೆಯ ಹತ್ತಿರ ಬಂದಾಗ ನಿಲ್ಲಬೇಕಿತ್ತು. ಹೀಗಾಗಿ ಅವರು ಅಮ್ಮಿಗೆ ಕ್ಯಾಮೆರಾ ಕಲಿಸಿದರು. ನನ್ನ ಅಮ್ಮಿ ಖುರ್ಷೀದ್. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವಳಲ್ಲ, ಆದರೆ ಒಳಗಿನ ಫೋಟೊಗಳೆಲ್ಲ ಅವಳವೇ. ಅವಳಿಗೆ ಒಂದು ಪದ್ಧತಿ ಇತ್ತು. ಮದುಮಗಳ ಫೋಟೊ ತೆಗೆಯುವ ಮುಂಚೆ ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ, “ನಿಕಾಲೂಂ ಕ್ಯಾ ಮಾ?” ಎನ್ನುತ್ತಿದ್ದಳು. ತೆಗೀಲೇನಮ್ಮಾ? ಅಷ್ಟೇ. ಹುಡುಗಿ ತಲೆದೂಗಿದರೆ ಕ್ಲಿಕ್. ತಲೆ ಅಲ್ಲಾಡಿಸಿದರೆ ಕ್ಯಾಮೆರಾ ಎದೆಯಿಂದ ಕೆಳಗೆ. ಎಷ್ಟೇ ಚೆಂದದ ಗಳಿಗೆಯಾದರೂ ಕೆಳಗೆ.

ಆ ರೀಲುಗಳನ್ನು ಅಬ್ಬಾ ಮುಟ್ಟುತ್ತಿರಲಿಲ್ಲ. ಅಮ್ಮಿಯೇ ಕತ್ತಲೆ ಕೋಣೆಯಲ್ಲಿ ತೊಳೆದು, ಪ್ರಿಂಟು ಹಾಕಿ, ಆಲ್ಬಮ್ಮಿನ ಜೊತೆ ನೆಗೆಟಿವ್‌ಗಳನ್ನೂ ಹುಡುಗಿಯ ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ಸ್ಟುಡಿಯೊದಲ್ಲಿ ಒಂದು ತುಂಡೂ ಉಳಿಯುತ್ತಿರಲಿಲ್ಲ. ಬೇರೆ ಸ್ಟುಡಿಯೊಗಳವರು ಗಾಜಿನ ಕಪಾಟಿನಲ್ಲಿ ಮದುಮಕ್ಕಳ ದೊಡ್ಡ ಫೋಟೊ ಇಟ್ಟು ಗಿರಾಕಿ ಹಿಡಿಯುತ್ತಿದ್ದರು. ನಮ್ಮ ಕಪಾಟಿನಲ್ಲಿ ನಾನೇ ಇದ್ದೆ, ಎರಡು ಜಡೆ, ಕೈಯಲ್ಲಿ ಪ್ಲಾಸ್ಟಿಕ್ ಹೂವು. ಎಂ.ಎ. ಓದುವವರೆಗೂ ಅದೇ ಫೋಟೊ ಇತ್ತು. ತೆಗೆಸಲು ನಾನು ಜಗಳವಾಡಬೇಕಾಯಿತು.

ಈಗ ರೀಲು ಇಲ್ಲ. ಆದರೆ ಪದ್ಧತಿ ಬಿಟ್ಟಿಲ್ಲ. ಹೆಂಗಸರ ಭಾಗದ ಫೋಟೊಗಳನ್ನು ಮನೆಯವರಿಗೆ ಒಪ್ಪಿಸಿ, ಹುಡುಗಿಯ ತಾಯಿಯ ಎದುರಿಗೇ ಕ್ಯಾಮೆರಾದ ಕಾರ್ಡು ಖಾಲಿ ಮಾಡಿ ತೋರಿಸುತ್ತೇನೆ. ಹೆಸರು ಎಂದಿರಲ್ಲ ಪಂಕಜಾ ಅವರೇ, ನನ್ನ ಹೆಸರು ಅದೊಂದರಿಂದಲೇ ಬಂದದ್ದು. ನನಗಿಂತ ಒಳ್ಳೆಯ ಫೋಟೊ ತೆಗೆಯುವವರು ಟಿ. ದಾಸರಹಳ್ಳಿಯಿಂದ ಬಾಗಲೂರಿನವರೆಗೆ ಬೀದಿಗೊಬ್ಬರಿದ್ದಾರೆ. ಆದರೆ, “ತಾಹೆರಾ ಆಪಾ ಬಂದರೆ ಫಿಕರ್ ಇಲ್ಲ,” ಅಕ್ಕ ಬಂದರೆ ಚಿಂತೆ ಇಲ್ಲ ಎಂಬ ಮಾತು ನನ್ನೊಬ್ಬಳಿಗೆ ಇತ್ತು.

ಇತ್ತು.

ಕೆಲವು ತಿಂಗಳ ಹಿಂದೆ ಬಾಗಲೂರು ರಸ್ತೆಯ ಶಾದಿಮಹಲಿನಲ್ಲಿ ಒಂದು ಮದುವೆ. ಹುಡುಗಿಯ ಹೆಸರು ಹೇಳುವುದಿಲ್ಲ. ನಿಖಾ ಮುಗಿದ ಮೇಲೆ ನಮ್ಮಲ್ಲಿ ಜಲ್ವಾ ಎಂಬ ಶಾಸ್ತ್ರ ಇದೆ. ಗಂಡು ಹೆಣ್ಣನ್ನು ಎದುರುಬದುರು ಕೂರಿಸಿ, ನಡುವೆ ಕನ್ನಡಿ ಹಿಡಿದು, ಕೆಂಪು ಸೆರಗು ಎತ್ತುತ್ತಾರೆ. ಗಂಡ ಹೆಂಡತಿಯ ಮುಖವನ್ನು ಮೊದಲು ಕನ್ನಡಿಯಲ್ಲಿ ನೋಡಬೇಕು. ಸುತ್ತ ಹೆಂಗಸರು ಹಾಡುತ್ತಾರೆ, ಗಂಡನ್ನು ಗೋಳುಹೊಯ್ದುಕೊಳ್ಳುತ್ತಾರೆ. ಅವತ್ತು ಒಬ್ಬ ಮುದುಕಿ, “ಕ್ಯಾ ದೇಖ್ತೈ ಬಾವಾ, ಆಯ್ನಾ ಕೀ ಕಿಮ್ಮತ್ ಪೂಛ್ತೈ ಕ್ಯಾ?” ಎಂದು ಕೂಗಿದಳು. ಏನಯ್ಯಾ ನೋಡ್ತೀಯ, ಕನ್ನಡಿ ರೇಟು ಕೇಳ್ತೀಯಾ? ಎಲ್ಲರೂ ನಕ್ಕರು. ಆ ನಗುವಿನ ನಡುವೆ ಸೆರಗು ಎದ್ದಿತು. ನಾನು ಬಗ್ಗಿ ಕೇಳಿದೆ: “ನಿಕಾಲೂಂ ಕ್ಯಾ ಮಾ?” ಹುಡುಗಿ ತಲೆ ಅಲ್ಲಾಡಿಸಿದಳು.

ನಾನು ಕ್ಯಾಮೆರಾ ಇಳಿಸಿದೆ.

ಒಂದು ವಿಷಯ ಸ್ಪಷ್ಟವಾಗಲಿ. ಇದು ಮುಖ ತೋರಿಸುವ, ಮುಚ್ಚುವ ಮಾತಲ್ಲ. ಆ ಹುಡುಗಿ ದಿನಾ ಮುಖ ತೆರೆದೇ ಹೆಬ್ಬಾಳದ ಕಚೇರಿಗೆ ಹೋಗುತ್ತಾಳೆ, ಮೀಟಿಂಗುಗಳಲ್ಲಿ ಜಗಳವಾಡುತ್ತಾಳೆ. ಆದರೆ ಆ ಒಂದು ಗಳಿಗೆಯ ಮುಖ ಅವಳದು. ಯಾಕೆ ಬೇಡ ಎಂದಳು? ಗೊತ್ತಿಲ್ಲ. ಕೇಳುವುದು ನನ್ನ ಕೆಲಸವಲ್ಲ. ಕವಿತೆಯಲ್ಲಿ ಕವಿ ಬರೆಯದೆ ಬಿಟ್ಟ ಸಾಲೊಂದು ಇರುತ್ತದೆ. ಅದು ಎಲ್ಲಿದೆ ಎಂದು ನಮಗೆ ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಅದನ್ನು ನಾವೇ ಬರೆದು ತುಂಬಿಸಲು ಹೋಗುವುದಿಲ್ಲ ಅಲ್ಲವೇ?

ನನ್ನ ಜಲ್ವಾದಲ್ಲೂ ಅಮ್ಮಿ ಕೇಳಿದಳು. ಸ್ವಂತ ಮಗಳು. ಅಷ್ಟು ವರ್ಷ ಬೇರೆಯವರ ಹೆಣ್ಣುಮಕ್ಕಳ ಫೋಟೊ ತೆಗೆದವಳು ತನ್ನ ಮಗಳ ಸರದಿ ಬಂದಾಗಲೂ ಬಗ್ಗಿ, ಗಿರಾಕಿಯನ್ನು ಕೇಳುವ ಹಾಗೆ ಕೇಳಿದಳು. ನಾನು ಬೇಡ ಎಂದೆ. ಅವಳು ಕ್ಯಾಮೆರಾ ಇಳಿಸಿದಳು. ಯಾಕೆ ಬೇಡ ಎಂದೆ ಎಂಬುದು ಈ ಸಭೆಗೆ ಸಂಬಂಧಿಸಿದ್ದಲ್ಲ. ಆ ಮದುವೆಯೂ ಬಹಳ ಕಾಲ ಉಳಿಯಲಿಲ್ಲ, ಅದಕ್ಕೂ ಇಲ್ಲಿ ಸಂಬಂಧವಿಲ್ಲ. ಆದರೆ ಅಮ್ಮಿ ಕ್ಯಾಮೆರಾ ಇಳಿಸುವಾಗ ನನ್ನನ್ನು ಒಂದು ಸಲ ನೋಡಿದಳು. ಎಲ್ಲರೂ ಕನ್ನಡಿಯನ್ನು ನೋಡುತ್ತಿದ್ದರು, ಅವಳೊಬ್ಬಳೇ ನನ್ನನ್ನು ನೋಡಿದಳು. ನನಗೆ ಏನೋ ಸರಿಯಿಲ್ಲವೆಂದು ಅವಳಿಗೆ ಅವತ್ತೇ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವಳು ಈಗ ಇಲ್ಲ. ಒಮ್ಮೊಮ್ಮೆ ಅನ್ನಿಸುತ್ತದೆ, ತೆಗೆದಿದ್ದರೆ ಚೆನ್ನಾಗಿತ್ತು ಎಂದು. ಆ ಫೋಟೊ ಇಲ್ಲವಲ್ಲ ಎಂಬ ಸಂಕಟ ಇದೆ. ಆದರೆ ಅದು ನನ್ನ ಸಂಕಟ. ನಾನೇ ಆರಿಸಿಕೊಂಡದ್ದು.

ಕ್ಷಮಿಸಿ. ನೀರು ಕೊಡುತ್ತೀರಾ? ಧನ್ಯವಾದ.

ಬಾಗಲೂರು ರಸ್ತೆಯ ಮದುವೆಗೆ ಬರುತ್ತೇನೆ. ಅದಾದ ಕೆಲವೇ ದಿನಕ್ಕೆ ಹುಡುಗಿಯ ಖಾಲಾ, ಅಂದರೆ ತಾಯಿಯ ತಂಗಿ, ಫೋನ್ ಮಾಡಿದರು. ಜಲ್ವಾದಲ್ಲಿ ಸೆರಗು ಎತ್ತಿದ ಗಳಿಗೆಯ ಆ ಮುಖ ವಾಟ್ಸಾಪಿನಲ್ಲಿ ಮನೆಮನೆಗೆ ಹೋಗಿದೆ. ಬರೀ ಮುಖ, ಸುತ್ತಲಿನದನ್ನೆಲ್ಲ ಯಾರೋ ಕತ್ತರಿಸಿದ್ದಾರೆ. “ತುಮಾರೆ ಭರೋಸೆ ಪೋ ಅಂದರ್ ಛೋಡೆ ಥೇ ಹಮೆ, ತಾಹೆರಾ” ಎಂದರು. ನಿನ್ನನ್ನು ನಂಬಿ ಒಳಗೆ ಬಿಟ್ಟಿದ್ದೆವು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಾನು ತೆಗೆದದ್ದಲ್ಲ ಎಂದೆ. ಒಳಗೆ ಕ್ಯಾಮೆರಾ ಇದ್ದದ್ದು ನಿನ್ನೊಬ್ಬಳ ಹತ್ತಿರ, ಬಾಕಿಯವರೆಲ್ಲ ಫೋನು ಪರ್ಸಿನಲ್ಲಿ ಇಟ್ಟಿದ್ದರು ಎಂದರು. ಸಾಬೀತು ಮಾಡಲು ನನ್ನ ಬಳಿ ಏನಿದೆ? ಕಾರ್ಡು ಖಾಲಿ. ಹುಡುಗಿಯ ತಾಯಿಯೆದುರೇ ಖಾಲಿ ಮಾಡಿದ್ದು. ಇದ್ದ ಫೋಟೊ ತೋರಿಸಿ ಇದು ನನ್ನದು ಎನ್ನಬಹುದು. ತೆಗೆಯದ ಫೋಟೊವನ್ನು ಎಲ್ಲಿಂದ ತಂದು ತೋರಿಸಲಿ?

ಆಮೇಲೆ ನನ್ನ ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಬೇರೆ ಫೋಟೊಗ್ರಾಫರನ್ನು ಗೊತ್ತು ಮಾಡಿಕೊಂಡರು. “ಆಪಾ, ಬುರಾ ನಕ್ಕೊ ಮಾನೊ, ಈ ಸಲ ಹುಡುಗನ ಕಡೆಯವರೇ ಯಾರನ್ನೋ ಕರ್ಸ್ತಿದಾರೆ.” ಬೇಸರ ಮಾಡ್ಕೋಬೇಡಿ ಎಂದು ಎಲ್ಲರೂ ಬಹಳ ಮರ್ಯಾದೆಯಿಂದಲೇ ಹೇಳಿದರು. ಮರ್ಯಾದೆಯಿಂದ ಬಾಗಿಲು ಮುಚ್ಚಿದರೆ ತಟ್ಟಲಿಕ್ಕೂ ಆಗುವುದಿಲ್ಲ.

ಹೀಗಿರುವಾಗ ನಿಮ್ಮ ಸನ್ಮಾನ ಬಂತು. ಇಂದು ಸಂಜೆ ಒಳಗೆ ಬಂದವಳು ಆ ಗೋಡೆಯ ಮೇಲಿನ ಫೋಟೊಗಳನ್ನು ನೋಡುತ್ತ ನಿಂತೆ. ಹೆಬ್ಬಾಳ ಕೆರೆಯ ಸೂರ್ಯೋದಯಗಳೇ ಒಂದು ಸಾಲು; ಆ ಸೂರ್ಯನಿಗೂ ಸಾಕಾಗಿರಬೇಕು. ಅಜ್ಜಿಯರ ಸುಕ್ಕುಗಳು, ಮಂಜಿನ ಹನಿಗಳು. ಕೊನೆಗೆ ಮೊದಲ ಬಹುಮಾನದ ಚಿತ್ರ. ಕೆಂಪು ಸೆರಗು. ಕನ್ನಡಿ. ಅದೇ ಹುಡುಗಿ.

ಹೌದು, ಅದೇ. ಎಲ್ಲರೂ ಹಿಂದಿರುಗಿ ನೋಡುವುದು ಬೇಡ.

ಜಯಸಿಂಹ ಅವರು ನನ್ನ ಪಕ್ಕದಲ್ಲೇ ನಿಂತು, “ಸೂಪರ್ ಅಲ್ವಾ ಮೇಡಂ? ಆ ಎಡಗಡೆ ಮೂಲೇಲಿ ಯಾರೋ ಅಡ್ಡ ಬಂದಿದಾರೆ, ಅದೊಂದಿಲ್ದಿದ್ರೆ ಪರ್ಫೆಕ್ಟ್” ಎಂದರು. ಆ ಅಡ್ಡ ಬಂದವಳು ನಾನು, ಸ್ವಾಮಿ. ಅದು ನನ್ನ ತೋಳು. ಆ ತೋಳಿನ ತುದಿಯಲ್ಲಿ, ಸೊಂಟದ ಹತ್ತಿರ, ಕೆಳಗೆ ಇಳಿದಿರುವುದು ನನ್ನ ಕ್ಯಾಮೆರಾ.

ವಾಟ್ಸಾಪಿನಲ್ಲಿ ಕತ್ತರಿಸಿಹೋದದ್ದು ಆ ಮೂಲೆಯೇ. ನಾನು ತೆಗೆಯಲಿಲ್ಲ ಎನ್ನುವುದಕ್ಕೆ ಇಡೀ ಜಗತ್ತಿನಲ್ಲಿ ಇರುವ ಒಂದೇ ಸಾಕ್ಷಿ ನಿಮ್ಮ ಗೋಡೆಯ ಮೇಲೆ, ಗುಲಾಬಿ ರಿಬ್ಬನ್ ಕಟ್ಟಿಸಿಕೊಂಡು ಕುಳಿತಿದೆ.

ಬಹುಮಾನ ಪಡೆದ ಮಹತಿ ಅವರನ್ನು ಅಲ್ಲೇ ಪರಿಚಯಿಸಿದರು. ಮಹತಿ, ಮುಂದಿನ ಸಾಲಿನಲ್ಲಿದ್ದೀರಿ, ತಲೆ ಎತ್ತಿ. ನಿಮ್ಮನ್ನು ಬೈಯಲು ನಾನು ನಿಂತಿಲ್ಲ. ನೀವು ಆ ಹುಡುಗಿಯ ಜೊತೆ ಕೆಲಸ ಮಾಡುವವರು, ಪ್ರೀತಿಯಿಂದ ಮದುವೆಗೆ ಬಂದವರು. ಫೋನು ಒಳಗಿಡಿ ಎಂದು ಅವಳ ತಾಯಿ ಹೇಳಿದ್ದು ಉರ್ದುವಿನಲ್ಲಿ, ನಿಮಗೆ ತಿಳಿಯಲಿಲ್ಲ. ಅದನ್ನು ಕನ್ನಡದಲ್ಲೂ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನ್ನನ್ನು ಗುರುತು ಹಿಡಿದು ನೀವು ಎಷ್ಟು ಸಂತೋಷದಿಂದ ಹೇಳಿದಿರಿ: “ಮೇಡಂ, ನೀವೇ ತೆಗೀತೀರ ಅಂತ ಕಾಯ್ತಿದ್ದೆ. ನೀವ್ ನೋಡಿದ್ರೆ ಕ್ಯಾಮೆರಾ ಇಳಿಸ್ಬಿಟ್ರಿ. ಅಯ್ಯೋ, ಮಿಸ್ ಮಾಡ್ಬಿಟ್ರಲ್ಲ, ಪಾಪ ಅವ್ಳಿಗೆ ಒಂದಾದ್ರೂ ಇರ್ಲಿ ಅಂತ ನಾನ್ ತೆಗ್ದೆ.” ಸ್ಪರ್ಧೆಗೆಂದು ಬಳಗದ ಗುಂಪಿಗೆ ಹಾಕಿದಿರಿ. ಅಲ್ಲಿಂದ ಯಾರು ಕತ್ತರಿಸಿದರು, ಯಾರು ಕಳಿಸಿದರು, ದೇವರಿಗೇ ಗೊತ್ತು. ಅವಳಿಗೆ ಹೇಳಿದಿರಾ ಎಂದು ಕೇಳಿದೆ. “ಇಲ್ಲ ಮೇಡಂ, ಪ್ರೈಜ್ ಬಂದ್ಮೇಲೆ ಸರ್ಪ್ರೈಸ್ ಕೊಡೋಣಾಂತ. ಮದ್ವೆ ಆದ್ಮೇಲೆ ಅವ್ಳು ಯಾಕೋ ನನ್ ಹತ್ರ ಜಾಸ್ತಿ ಮಾತಾಡ್ತಿಲ್ಲ. ಬ್ಯುಸಿ ಇರ್ಬೇಕು.”

ಬ್ಯುಸಿ ಅಲ್ಲ, ಮಹತಿ.

ಚಿತ್ರ ಚೆನ್ನಾಗಿದೆ. ನನ್ನ ವೃತ್ತಿಯ ಮೇಲಾಣೆ, ಆ ದಿನ ನಾನು ತೆಗೆದ ಯಾವುದೂ ಅದರ ಹತ್ತಿರ ಬರುವುದಿಲ್ಲ. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಆದರೆ ತೀರ್ಪುಗಾರರು ಕೆಳಗೆ ಬರೆದಿರುವ ಮಾತನ್ನು ನಾನು ಎರಡು ಸಲ ಓದಿದೆ. ‘ಸ್ಥಿರವಾದ ಕನ್ನಡಿ, ಮುಖದಲ್ಲಿ ಮಾತ್ರ ನವಿರಾದ ಮಸುಕು. ಆ ಚಲನೆಯೇ ಈ ಚಿತ್ರದ ಜೀವ.’

ತೀರ್ಪುಗಾರರೇ, ಕಲೆಯ ದೃಷ್ಟಿಯಿಂದ ನೀವು ಬರೆದದ್ದು ಸರಿ. ಆದರೆ ಆ ಮಸುಕು ಏನೆಂದು ನಿಮಗೆ ಗೊತ್ತೇ? ಆಗ ತಾನೆ ನಾನು ಕೇಳಿದ್ದೆ. ಅವಳು ತಲೆ ಅಲ್ಲಾಡಿಸುತ್ತಿದ್ದಾಳೆ. ಬೇಡ ಎನ್ನುತ್ತಿದ್ದಾಳೆ. ನೀವು ಬಹುಮಾನ ಕೊಟ್ಟಿರುವುದು ಆ ‘ಬೇಡ’ಕ್ಕೆ.

ಇಷ್ಟು ಹೊತ್ತಿಗೆ ಫೋನುಗಳು ಇಳಿದಿವೆ. ಈಗ ನಿಮ್ಮ ಮುಖಗಳು ಕಾಣುತ್ತಿವೆ.

ಹವ್ಯಾಸಿಗಳಿಂದ ವೃತ್ತಿಯವರಿಗೆ ಏನಾಗಿದೆ ಎಂದು ಕೇಳಿದಿರಿ. ಇದಾಗಿದೆ. ನೀವು ನಮ್ಮ ಗಿರಾಕಿಗಳನ್ನು ತೆಗೆದುಕೊಂಡಿರಿ, ಹೋಗಲಿ. ನಮ್ಮ ಜಾಗದಲ್ಲಿ ನಿಂತಿರಿ, ಅದೂ ಹೋಗಲಿ. ಆದರೆ ಈಗ ಒಬ್ಬರು ಕ್ಯಾಮೆರಾ ಇಳಿಸಿದರೆ ಅದಕ್ಕೆ ಅರ್ಥವೇ ಉಳಿದಿಲ್ಲ. ಹಿಂದೆ ನಿಂತವರು ಎತ್ತುತ್ತಾರೆ. ನಾನು ಇಳಿಸಿದ್ದು ನಿಮಗೆ ಅಚಾತುರ್ಯದಂತೆ ಕಂಡಿತು. ನನ್ನ ಅಮ್ಮಿಯಿಂದ ಕಲಿತ ಇಡೀ ವಿದ್ಯೆ ಇದ್ದದ್ದು ಆ ಇಳಿಸುವುದರಲ್ಲಿ.

ಸತ್ಯ ಹೇಳುತ್ತೇನೆ. ಆ ಗೋಡೆಯ ಮುಂದೆ ನಿಂತಾಗ ನಾನೂ ಫೋನು ಹೊರತೆಗೆದೆ. ಆ ಮೂಲೆಯನ್ನು, ನನ್ನ ತೋಳನ್ನು ಒಂದು ಫೋಟೊ ತೆಗೆದು ಖಾಲಾಗೆ ಕಳಿಸಿದರೆ ನಾಳೆಯೇ ನನ್ನ ಹೆಸರು ವಾಪಸ್ಸು ಬರುತ್ತದೆ. ಮುಖ ಬಿಟ್ಟು ಮೂಲೆಯಷ್ಟನ್ನೇ ತೆಗೆದರೆ ಯಾರ ತೋಳೋ, ಎಲ್ಲಿಯದೋ ಎನ್ನುತ್ತಾರೆ. ಮುಖವೂ ಬರಲೇಬೇಕು. ಫೋನು ಎತ್ತಿದೆ. ಅಭ್ಯಾಸಬಲ ನೋಡಿ, ಬಾಯಿಗೆ ತಾನಾಗಿಯೇ ಬಂತು: “ನಿಕಾಲೂಂ ಕ್ಯಾ ಮಾ?” ಚಿತ್ರದಲ್ಲಿ ಅವಳು ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದಾಳೆ.

ಫೋನು ಒಳಗಿಟ್ಟೆ.

ಆದ್ದರಿಂದ ಈ ವೇದಿಕೆಯಿಂದ ನನ್ನ ಕೋರಿಕೆ ಇಷ್ಟು. ಆ ಚಿತ್ರ ಗೋಡೆಯಿಂದ ಇಳಿಯಲಿ, ಎಲ್ಲರ ಫೋನುಗಳಿಂದಲೂ ಹೋಗಲಿ. ಅದರ ಜೊತೆ ನನ್ನ ಸಾಕ್ಷಿಯೂ ಹೋಗುತ್ತದೆ, ಗೊತ್ತು. ಆದರೆ ಚಿತ್ರ ಹೋದರೂ ಚಿತ್ರ ತೆಗೆದವರು ಇದ್ದಾರಲ್ಲ. ಮಹತಿ, ನಾಳೆ ಭಾನುವಾರ. ನನ್ನ ಜೊತೆ ಆ ಹುಡುಗಿಯ ತಾಯಿಯ ಮನೆಗೆ ಬನ್ನಿ. ತೆಗೆದದ್ದು ನಾನು ಎಂದು ನಿಮ್ಮ ಬಾಯಲ್ಲಿ ಹೇಳಿ. ಕನ್ನಡದಲ್ಲೇ ಹೇಳಿ, ಅವರಿಗೆ ಚೆನ್ನಾಗಿ ಬರುತ್ತದೆ. ಖಾಲಾನೂ ಅಲ್ಲೇ ಇರುತ್ತಾರೆ; ಮೊದಲು ಮುಖ ಊದಿಸಿಕೊಳ್ಳುತ್ತಾರೆ, ಆಮೇಲೆ ಚಹಾ ಕೊಡುತ್ತಾರೆ. ಫೋನು ಮನೆಯಲ್ಲೇ ಬಿಟ್ಟು ಬನ್ನಿ. ಬಳಗದವರು ನನ್ನ ಕೈಯಿಂದಲೇ ಕೊಡಿಸಬೇಕೆಂದಿರುವ ನಿಮ್ಮ ಬಹುಮಾನವನ್ನು ನಾನು ಇವತ್ತು ಕೊಡಲಾರೆ. ಆ ಹುಡುಗಿಯನ್ನು ಕೇಳಿ. ಅವಳು ಹೂಂ ಎಂದರೆ, ನಿಮ್ಮ ಮನೆಗೇ ತಂದು ಕೊಡುತ್ತೇನೆ, ಹಾರ ಹಾಕಿ ಕೊಡುತ್ತೇನೆ.

ನೀವು ತಲೆಯಾಡಿಸಿದ್ದು ಬರುತ್ತೇನೆಂದೋ, ಇಲ್ಲವೆಂದೋ? ಇಲ್ಲಿಂದ ಸರಿಯಾಗಿ ಕಾಣಲಿಲ್ಲ. ಬರ್ತೀನಿ ಅಂದಿರಾ? ಸಂತೋಷ, ಮಗಳೇ.

ಜಯಸಿಂಹ ಅವರೇ, ಮುಖ ಸಪ್ಪಗೆ ಮಾಡಿಕೊಳ್ಳಬೇಡಿ. ಕ್ಯಾಮೆರಾ ತಂದಿದ್ದೇನೆ. ನಿಮ್ಮ ಗ್ರೂಪ್ ಫೋಟೊ ತೆಗೆದುಕೊಟ್ಟೇ ಹೋಗುತ್ತೇನೆ. ಆದರೆ ಒಬ್ಬೊಬ್ಬರನ್ನೂ ಕೇಳಿ ತೆಗೆಯುತ್ತೇನೆ, ತಡವಾಗುತ್ತದೆ, ಊಟದವರಿಗೆ ತಿಳಿಸಿಬಿಡಿ.

ಕೊನೆಯದಾಗಿ, ಈ ಶಾಲು. ಒಳ್ಳೆಯ ಶಾಲು, ಬೆಚ್ಚಗಿದೆ, ಬಣ್ಣವೂ ಕೆಂಪು. ನನ್ನನ್ನು ಕರೆದು, ಇದನ್ನು ಹೊದಿಸಿ, ಇಷ್ಟು ಸಿಡಿಮಿಡಿಯನ್ನು ಸಹಿಸಿಕೊಂಡಿದ್ದಕ್ಕೆ ಬಳಗಕ್ಕೆ ನಾನು ಋಣಿ. ಆದರೆ ಇದನ್ನು ಹೊದೆಯಬೇಕಾದವಳು ಆ ಗೋಡೆಯ ಮೇಲಿದ್ದಾಳೆ. ಈಗ ಕೆಳಗಿಳಿದು ಹೋಗಿ ಅವಳ ಮೇಲೆ ಹಾಕುತ್ತೇನೆ. ಚಿತ್ರ ಇಳಿಸುವವರು ಶಾಲಿನ ಸಮೇತ ಇಳಿಸಿ.

ನಾನು ಹಾಕುವುದನ್ನು ದಯವಿಟ್ಟು ಯಾರೂ ಫೋಟೊ ತೆಗೆಯಬೇಡಿ. ತೆಗೀಲಾ ಎಂದು ಕೇಳಿದರೆ ಬೇಡ ಎನ್ನುತ್ತೇನೆ.

ಎಲ್ಲರಿಗೂ ವಂದನೆಗಳು. ನಮಸ್ಕಾರ.